ಕೆಂಪು ಕಾರಿನ ಎಂಜಿನ್ ಇಳಿಸಿದ ದಿನ

ನಾಲ್ಕು ಗಂಟೆಗೆ ತಮ್ಮ ಬರುವವನಿದ್ದ. ಅಷ್ಟರೊಳಗೆ ಎಂಜಿನ್ ಇಳಿಸಿ, ಬಿಚ್ಚಿಸಿ, ಒಳಗೇನಾಗಿದೆ ಎಂದು ಅವನಿಗಿಂತ ಮೊದಲು ನಾನು ನೋಡಿಬಿಡಬೇಕು ಎಂಬ ಚಡಪಡಿಕೆ ಬೆಳಿಗ್ಗೆಯಿಂದ ನನಗೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕಮಲಾಪುರದ ನಮ್ಮ ಮನೆಯ ಹಿತ್ತಲಲ್ಲಿ, ತಗಡಿನ ಶೆಡ್ಡಿನೊಳಗೆ, ಆ ಕೆಂಪು ಸ್ಪೋರ್ಟ್ಸ್ ಕಾರು ಎಂಜಿನ್ ಜಾಮ್ ಆಗಿ ಆರು ವರ್ಷದಿಂದ ನಿಂತಿತ್ತು.

ಕಾರು ನಮ್ಮಿಬ್ಬರದೂ. ಗಣಿ ಜೋರಾಗಿದ್ದ ಕಾಲದಲ್ಲಿ ಸಂಡೂರಿನ ಸಾಹುಕಾರರೊಬ್ಬರು ಶೋಕಿಗೆ ತರಿಸಿ, ಬೇಜಾರಾಗಿ ಮೂಲೆಗೆ ತಳ್ಳಿದ್ದ ಎರಡು ಬಾಗಿಲಿನ ಹಳೇ ಗಾಡಿಯನ್ನು ಇಬ್ಬರೂ ಸೇರಿ ಕೊಂಡಿದ್ದೆವು. ಎಷ್ಟು ತಗ್ಗು ಎಂದರೆ ಕಡ್ಡಿರಾಂಪುರದ ರಸ್ತೆಯುಬ್ಬು ಬಂದಾಗಲೆಲ್ಲ ನಾನು ಇಳಿದು ಮುಂದೆ ನಡೆಯಬೇಕು, ತಮ್ಮ ಹಿಂದಿನಿಂದ ಮೆಲ್ಲಗೆ ದಾಟಿಸಬೇಕು. ಹಂಪಿಗೆ ಬಂದ ಪ್ರವಾಸಿಗರು ಗುಡಿ ಬಿಟ್ಟು ನಮ್ಮ ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮಗೋ, ನಾವೇ ಕಟ್ಟಿಸಿದ ಗುಡಿಯೇನೋ ಎಂಬಷ್ಟು ಜಂಬ.

ಒಂದು ದಿನ ತಮ್ಮ ಒಬ್ಬನೇ ಅದನ್ನು ಸಂಡೂರಿನ ಘಾಟಿಗೆ ಓಡಿಸಿಕೊಂಡು ಹೋದ. ದಾರಿಯಲ್ಲಿ ಎಂಜಿನ್ ಕಾದುಹೋಯಿತು. ನಿಲ್ಲಿಸಿ, ಆರಿಸಿ, ನೀರು ಹಾಕಿಕೊಂಡು ಮನೆಗೆ ತಂದ. ಎರಡು ತಿಂಗಳ ಮೇಲೆ ನಾನು ಚಾವಿ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ. ನೀರಿಲ್ಲದೆ ಓಡಿಸಿ ಪಿಸ್ಟನ್ ಸುಟ್ಟಿದ್ದೀಯ ಎಂದು ನಾಲ್ಕು ಜನರೆದುರು ಅವನನ್ನು ಬಾಯಿಗೆ ಬಂದಂತೆ ಬೈದೆ. ನನ್ನ ಬಾಯಿಗೆ ಮೊದಲಿನಿಂದಲೂ ಬ್ರೇಕಿಲ್ಲ. ಅವನು ಉಕ್ಕಿನ ಕಾರ್ಖಾನೆಯ ನೌಕರ. ಆ ತಿಂಗಳೇ ಕುರೆಕುಪ್ಪಕ್ಕೆ ಮನೆ ಬದಲಿಸಿದ. ಅಮ್ಮ ನನ್ನ ಮಾತನ್ನೇ ನಂಬಿದಳು. ಹೋದ ವರ್ಷ ಅವಳು ತೀರಿಕೊಂಡಾಗ ತಮ್ಮ ಬಂದು, ಹದಿಮೂರು ದಿನ ನನ್ನ ಪಕ್ಕದಲ್ಲೇ ಕೂತು ಕರ್ಮ ಮುಗಿಸಿ, ನನ್ನೊಡನೆ ಒಂದು ಮಾತೂ ಆಡದೆ ಹೋದ.

ಕಳೆದ ವಾರ ಅವನೇ ಫೋನು ಮಾಡಿದ. "ಅಣ್ಣಾ, ಆ ಎಂಜಿನ್ ಬಿಚ್ಚಸು. ನಂದ ತಪ್ಪಿದ್ರ ಎಲ್ಲಾರ ಮುಂದ ನಿನ್ನ ಕಾಲ ಹಿಡೀತೀನಿ. ಭಾನುವಾರ ನಾಕಕ್ಕ ಬರ್ತೀನಿ." ನನ್ನ ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟ.

ಹೊಸಪೇಟೆಯಿಂದ ಹಳೆಯ ಮಿಸ್ತ್ರಿಯೊಬ್ಬನನ್ನು ಕರೆಸಿದೆ. ಎಂಜಿನ್ ಎತ್ತುವ ಕ್ರೇನು ನಮ್ಮ ಶೆಡ್ಡಿನೊಳಗೆ ಹಿಡಿಸದು. ಅದಕ್ಕೆ ಅವನು ಕಂಪ್ಲಿಯಿಂದ, ಬೋರ್‌ವೆಲ್ಲಿನ ಮೋಟಾರು ಎತ್ತುತ್ತಾರಲ್ಲ, ಆ ಮೂರು ಕಾಲಿನ ಕಬ್ಬಿಣದ ಕಂಬ ಮತ್ತು ಚೈನ್ ಪುಲ್ಲಿ ತಂದ. ಬಾನೆಟ್ಟು ಕಳಚಿದ, ಎಣ್ಣೆ ಇಳಿಸಿದ, ರೇಡಿಯೇಟರ್ ತೆಗೆದ, ಒಂದೊಂದು ವೈರಿಗೂ ಬಟ್ಟೆಚೂರು ಕಟ್ಟಿ ಗುರುತು ಮಾಡಿದ. ಆ ನಿಧಾನ ನೋಡಿ ನನಗೆ ಮೈಯೆಲ್ಲ ಉರಿ.

"ಜಲ್ದಿ ಮಾಡೋ ಮಾರಾಯ."

"ಆರು ವರ್ಷ ಕುಂತೈತ್ರಿ ಸರ, ಇನ್ನೊಂದ್ ತಾಸು ಕುಂದ್ರಲಿ. ನೀವೂ ಕುಂದ್ರಿ."

ಕೂರುವವನೇ ನಾನು? ಎಂಜಿನ್ನನ್ನು ಚಾಸಿಗೆ ಹಿಡಿದಿದ್ದ ಕೊನೆಯ ಬೋಲ್ಟು ತುಕ್ಕು ಹಿಡಿದು ಅಲುಗುತ್ತಿರಲಿಲ್ಲ. ಮಿಸ್ತ್ರಿಯ ಕೈಯಿಂದ ಬೋಲ್ಟು ಬಿಚ್ಚುವ ಪಾನಾ ಕಿತ್ತುಕೊಂಡು, ಅದಕ್ಕೊಂದು ಪೈಪು ತೂರಿಸಿ, ಮೈಭಾರವೆಲ್ಲ ಹಾಕಿ ಒತ್ತಿದೆ. ಬೋಲ್ಟಿನ ತಲೆ ಮುರಿದು ಗೋಡೆಗೆ ಬಡಿಯಿತು. ಮಿಸ್ತ್ರಿ ನನ್ನನ್ನೊಮ್ಮೆ ನೋಡಿ, ಉಳಿದ ತುಂಡನ್ನು ಗರಗಸದಿಂದ ಕೊಯ್ಯಲು ಕೂತ. ಒಂದು ತಾಸು ಅದಕ್ಕೇ ಹೋಯಿತು.

ಅಂತೂ ಚೈನು ಎಳೆದ. ಎಂಜಿನ್ ಗೇರ್‌ಬಾಕ್ಸಿನಿಂದ ಬಿಡಿಸಿಕೊಂಡು ಮುಂದಕ್ಕೆ ಸರಿದು ಮೇಲೆದ್ದಿತು. ಭಾರ ಕಳಚಿದ್ದೇ ಕಾರಿನ ಮೂತಿಯೂ ಮೇಲೆದ್ದಿತು. ಎಂಜಿನ್ನನ್ನು ಹಳೇ ಟೈರುಗಳ ಮೇಲೆ ಇಳಿಸಿ, ಹೆಡ್ಡು ಬಿಚ್ಚಿ, ಮಿಸ್ತ್ರಿ ಸಿಲಿಂಡರಿನೊಳಗೆ ಟಾರ್ಚಿನ ಬೆಳಕು ಬಿಟ್ಟಾಗ ಮೂರೂವರೆ.

"ಸುಟ್ಟಿಲ್ರಿ ಇದು," ಎಂದ. "ಸುಟ್ಟಿದ್ರ ಸಿಲಿಂಡರಿನ ಗೋಡಿ ಮ್ಯಾಲೆ ಗೀರು ಬೀಳ್ತಿದ್ವು. ಒಂದೂ ಇಲ್ಲ. ಬರೇ ತುಕ್ಕು. ಮ್ಯಾಲಿಂದ ನೀರು ಬಿದ್ದೈತಿ, ಪ್ಲಗ್ಗಿನ ತೂತಿನಾಗಿಂದ."

ಬ್ಲೇಡಿನ ತುದಿಯಿಂದ ಪಿಸ್ಟನ್ನಿನ ಮೇಲಿನ ತುಕ್ಕನ್ನು ಕೆದಕಿದ. ಕಪ್ಪಗಾದ ಮೂರು ಕಾಳು ಅಂಟಿಕೊಂಡಿದ್ದವು.

"ಅಕ್ಕಿ ಹೆಂಗ ಬಂತ್ರಿ ಸರ ಇಲ್ಲಿ?"

ಹೇಗೆ ಬಂತೆಂದು ನನಗೆ ಆ ಕ್ಷಣವೇ ತಿಳಿಯಿತು. ತಮ್ಮ ಸಂಡೂರಿಗೆ ಹೋಗಿಬಂದ ಹದಿನೈದು ದಿನಕ್ಕೆ ಆಯುಧಪೂಜೆ. ಅವನು ಡ್ಯೂಟಿಯಲ್ಲಿದ್ದ. ಮಡಿಯುಟ್ಟು, ಕಾರಿನ ನಾಲ್ಕೂ ಪ್ಲಗ್ಗು ಬಿಚ್ಚಿ, ತೊಳೆದು, ಕುಂಕುಮ ಹಚ್ಚಿ, ಪಾನಾಗಳ ಜೊತೆ ಹರಿವಾಣದಲ್ಲಿಟ್ಟವನು ನಾನೇ. ತೆರೆದ ಬಾನೆಟ್ಟಿನ ಮುಂದೆ ನಿಂತು, ಮಂತ್ರ ಹೇಳುತ್ತ, ಎಂಜಿನ್ನಿಗೆ ಕೊಡ ತುಂಬ ನೀರಿನಿಂದ ಅಭಿಷೇಕ ಮಾಡಿ ಅಕ್ಷತೆ ಹಾಕಿದವನೂ ನಾನೇ. ನಾಲ್ಕು ತೂತು ಬಾಯಿ ತೆರೆದುಕೊಂಡಿವೆ ಎಂಬುದು ಭಕ್ತಿಯ ಭರದಲ್ಲಿ ಕಾಣಲಿಲ್ಲ. ಮಂಗಳಾರತಿಯಾದ ಮೇಲೆ ಪ್ಲಗ್ಗು ಬಿಗಿದು, ಕೈಮುಗಿದು ಒಳಗೆ ಹೋಗಿದ್ದೆ.

ಹೊರಗೆ ಬೈಕು ನಿಂತ ಸದ್ದು. ನನ್ನ ಕೈಯಲ್ಲಿ ಸೀಮೆಎಣ್ಣೆಯ ಬಟ್ಟೆಯಿತ್ತು. ಆ ಕಾಳುಗಳನ್ನು ಒಂದು ಸಲ ಒರೆಸಿದರೆ ಮುಗಿಯಿತು; ತುಕ್ಕಿಗೆ ನೂರು ಕಾರಣ ಹೇಳಬಹುದು. ಸುಳ್ಳೇಕೆ, ಕೈ ಸಿಲಿಂಡರಿನ ತನಕ ಹೋಯಿತು. ಮಿಸ್ತ್ರಿ ಬೇರೆ ಕಡೆ ಮುಖ ತಿರುಗಿಸಿದ. ಅವನು ತಿರುಗಿಸದೆ ಇದ್ದಿದ್ದರೆ ಒರೆಸಿಬಿಡುತ್ತಿದ್ದೆನೇನೋ. ಅವನು ಮುಖ ತಿರುಗಿಸಿದ್ದಕ್ಕೇ ನಾಚಿಕೆಯಾಗಿ, ಬಟ್ಟೆ ಕೆಳಗೆ ಹಾಕಿದೆ.

ತಮ್ಮ ಒಳಗೆ ಬಂದ. ಕೂದಲು ನನಗಿಂತ ಹೆಚ್ಚು ನೆರೆತಿತ್ತು.

"ನೀ ಸುಟ್ಟಿಲ್ಲ," ಎಂದೆ. "ಪೂಜಿ ದಿನ ಪ್ಲಗ್ ತಗದು ನೀರು ಹೊಯ್ದೆ. ನಾನ ಕೆಡಿಸಿದ್ದು."

ಅವನು ಬಗ್ಗಿ, ಬೆರಳಿನಿಂದ ಆ ಕಾಳುಗಳನ್ನು ಮುಟ್ಟಿ ನೋಡಿದ. ಬೈಯಲಿ, ಹೊಡೆಯಲಿ ಎಂದು ಕಾದೆ. ತಡೆಯಲಾಗದೆ ಅವನ ಕಾಲಿಗೆ ಬಗ್ಗಿದೆ. ರಟ್ಟೆ ಹಿಡಿದು ಎತ್ತಿದ.

"ಬ್ಯಾಡ, ದೊಡ್ಡವ ನೀನು," ಎಂದ. ಹಿಡಿದ ರಟ್ಟೆ ಬಿಡಲಿಲ್ಲ. "ಆದ್ರ ಅಮ್ಮ, ನಾನ ಕೆಡಿಸಿದೆ ಅಂತ ತಿಳ್ಕೊಂಡ ಹೋದ್ಲಲ್ಲ ಅಣ್ಣಾ."