ಕೆಂಪು ಕಲ್ಲಿನ ಬೆಟ್ಟಕ್ಕೆ ಅಜ್ಜಿ ಬಂದದ್ದು

ಬಿಸಿಲಿಗೆ ಕಾದ ಕಲ್ಲಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದು ಏಳುವ ವಾಸನೆ ಎಲ್ಲಿ ಸಿಕ್ಕರೂ ನನಗೆ ಬಾದಾಮಿಯ ಬೆಟ್ಟ ನೆನಪಾಗುತ್ತದೆ, ಅದರ ಹಿಂದೆಯೇ ಅಜ್ಜಿ. ಎಂಬತ್ತರ ದಶಕದ ಕೊನೆಯ ವರ್ಷಗಳವು. ರಾಣೆಬೆನ್ನೂರಿನ ಬಾಡಿಗೆ ಮನೆಯಲ್ಲಿ ನಾವಿದ್ದೆವು. ಅಪ್ಪ ಕೋರ್ಟಿನಲ್ಲಿ ಗುಮಾಸ್ತರು. ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ ಸುಮಿತ್ರಾ ಧಾರವಾಡದಲ್ಲಿ ಭೂವಿಜ್ಞಾನ ಓದುತ್ತಿದ್ದಳು. ಕಾಲೇಜಿನವರು ಮೂರು ದಿನ ಬಾದಾಮಿಗೆ ಕರೆದೊಯ್ಯುತ್ತಾರೆ, ತರಗತಿಯಲ್ಲಿ ಹುಡುಗಿ ತಾನೊಬ್ಬಳೇ ಎಂದು ಅವಳು ಹೇಳಿದ ದಿನ ಅಪ್ಪ ಊಟ ಬಿಟ್ಟು ಎದ್ದರು. ಹಾವೇರಿಯ ಒಂದು ಸಂಬಂಧ ಆಗಲೇ ಮಾತಿನಲ್ಲಿತ್ತು. ಕೊನೆಗೆ ಅಪ್ಪ ಒಂದು ಷರತ್ತು ಹಾಕಿದರು: ಅಜ್ಜಿ ಜೊತೆಗೆ ಹೋಗಬೇಕು, ನೋಡಿ ಬಂದು ಹೇಳಬೇಕು. ಅವಳಿಗೆ ಸರಿ ಕಾಣದಿದ್ದರೆ ಓದು ಅಲ್ಲಿಗೇ ನಿಲ್ಲುತ್ತದೆ. ಅಜ್ಜಿಯನ್ನು ಬಿಟ್ಟಿರಲಾರೆನೆಂದು ಅತ್ತ ನನ್ನನ್ನೂ ಅವಳು ಕರೆದುಕೊಂಡಳು.

ಮೊದಲ ದಿನ ಅಜ್ಜಿ ಕೊಡೆ ಬಿಡಿಸಿ ಬೆಟ್ಟದ ಬುಡದಲ್ಲಿ ಕುಳಿತಳು. ಅಕ್ಕ ಸುತ್ತಿಗೆ ಹಿಡಿದು, ಸೀರೆಯ ನೆರಿಗೆ ಎತ್ತಿ ಕಟ್ಟಿ, ಹುಡುಗರ ಜೊತೆ ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಮೇಲೇರುತ್ತಿದ್ದಳು. ಅಜ್ಜಿಯ ಮುಖ ಬಿಗಿಯಿತು. "ಇಳಿದು ಬಾ ಇಲ್ಲಿ" ಎಂದು ಕೂಗಿದಳು. ಅಕ್ಕ ಇಳಿದು ಬಂದಳು. ಬೈಗುಳಕ್ಕೆ ಕಾಯದೆ ಅಜ್ಜಿಯ ಕೈ ಹಿಡಿದು ಒಂದು ಚಪ್ಪಟೆ ಬಂಡೆಯ ಹತ್ತಿರ ಕರೆದೊಯ್ದು, ಅದರ ಮೇಲೆ ಬೆರಳಾಡಿಸುವಂತೆ ಹೇಳಿದಳು. ಕಲ್ಲಿನ ಮೈತುಂಬ ಸಣ್ಣ ಸಣ್ಣ ಏಣುಗಳು, ಒಂದರ ಪಕ್ಕ ಒಂದು.

ಅಜ್ಜಿ ಹುಟ್ಟಿದ್ದು ಗುತ್ತಲದಲ್ಲಿ, ಆಡಿ ಬೆಳೆದದ್ದು ತುಂಗಭದ್ರೆಯ ದಂಡೆಯಲ್ಲಿ. ಬಹಳ ಹೊತ್ತು ಸವರಿ, "ಇದು ಹೊಳಿ ಉಸುಕಿನ ಮ್ಯಾಲಿನ ತೆರಿ ಐತಲ್ಲ. ನೀರ ಇಳದ ಮ್ಯಾಲ ಹಿಂಗ ಉಳೀತದ" ಎಂದಳು.

"ಖರೇ ಅಜ್ಜಿ. ಮನುಷ್ಯಾರು ಹುಟ್ಟೂದಕ್ಕಿಂತ ಎಷ್ಟೋ ಮೊದಲು ಇಲ್ಲಿ ಹೊಳಿ ಹರೀತಿದ್ವು. ಉಸುಕು ಪದರ ಪದರ ಕುಂತು, ಭಾರಕ್ಕ ಗಟ್ಟಿಯಾಗಿ ಕಲ್ಲಾತು. ಅದರಾಗಿನ ಕಬ್ಬಿಣ ತುಕ್ಕು ಹಿಡಿದು ಕೆಂಪಾತು."

"ಹೊಳಿ ತೆಳಗ ಇರ್ತದ. ಇದು ಗುಡ್ಡದಾಗ ಹೆಂಗ ಬಂತು?"

ಅಕ್ಕ ನಕ್ಕಳು. ನೆಲವೇ ನಿಧಾನವಾಗಿ ಮೇಲೆದ್ದದ್ದು, ಏಳುವಾಗ ಬಿರುಕು ಬಿಟ್ಟದ್ದು, ಆ ಬಿರುಕುಗಳಲ್ಲಿ ಮಳೆ ಇಳಿದು, ಬಿಸಿಲು ಕಾಸಿ, ಬಂಡೆಗಳು ಕಳಚಿ ಬಿದ್ದು ಕಣಿವೆಯಾದದ್ದು, ಎಲ್ಲವನ್ನೂ ಸೆರಗಿನ ಮಡಿಕೆಗಳಲ್ಲಿ ಮಾಡಿ ತೋರಿಸಿದಳು. ಅಜ್ಜಿ ನಡುನಡುವೆ ಪ್ರಶ್ನೆ ಹಾಕಿದಳು. ಆಗಲೇ ನಾಲ್ಕು ಹನಿ ಬಿದ್ದವು. ಇಬ್ಬರೂ ಏಳಲಿಲ್ಲ.

ಊರಿಗೆ ಮರಳಿದ ಸಂಜೆ ಅಪ್ಪ ಕಟ್ಟೆಯ ಮೇಲೆ ಕಾಯುತ್ತಿದ್ದರು. "ಹೆಂಗಿತ್ತವ್ವ?"

"ಆಕಿ ಹುಡುಗರ ಜೋಡಿ ಗುಡ್ಡ ಹತ್ತತಾಳ" ಎಂದಳು ಅಜ್ಜಿ, ಕಾಲು ತೊಳೆಯುತ್ತ. ಬಾಗಿಲಲ್ಲಿದ್ದ ಅಕ್ಕ ತಲೆ ತಗ್ಗಿಸಿದಳು. "ಹತ್ತಲಿ. ಆಕೀಗೆ ತಿಳೀತದ. ನನಗೂ ತಿಳಿಯೂಹಂಗ ಹೇಳಿದ್ಲು. ಹಾವೇರಿಯವರಿಗೆ ಬ್ಯಾಡ ಅಂತ ಬರದುಬಿಡು."

ಅಪ್ಪ ಪತ್ರ ಬರೆದರು. ಆದರೆ ಅಕ್ಕನ ಓದಿನ ಬಗ್ಗೆ ಮುಂದೆಂದೂ ಒಂದು ಮಾತು ಕೇಳಲಿಲ್ಲ. ಕೇಳಿದ ನೆರೆಯವರಿಗೆಲ್ಲ ಉತ್ತರ ಕೊಡುತ್ತಿದ್ದವಳು ಅಜ್ಜಿ. ಎರಡು ವರ್ಷಗಳ ನಂತರ, ಅಕ್ಕನ ಕೊನೆಯ ಪರೀಕ್ಷೆಗೆ ಮೊದಲೇ, ನಾಲ್ಕು ದಿನದ ಜ್ವರದಲ್ಲಿ ಅಜ್ಜಿ ತೀರಿಕೊಂಡಳು. ಎಷ್ಟೋ ವರ್ಷಗಳ ಮೇಲೆ ಆ ಮನೆಯನ್ನೂ ಮಾಲೀಕರು ಕೆಡವಿದರು. ಈಗ ಅಲ್ಲಿ ಅಂಗಡಿಗಳ ಸಾಲಿದೆ. ನೀವೂ ಅಂಥ ಸಾಲಿನ ಮುಂದೆ ನಿಂತು ಅಡುಗೆಮನೆ ಎಲ್ಲಿತ್ತೆಂದು ಲೆಕ್ಕ ಹಾಕಿರಬಹುದು.

ಅಕ್ಕ ಪದವಿ ಪಡೆದ ದಿನ ಧಾರವಾಡಕ್ಕೆ ಅಪ್ಪ ಒಬ್ಬರೇ ಹೋಗಿದ್ದರು. ತಿರುಗಿ ಬಂದು, ಅಂಗಿಯನ್ನು ಗೂಟಕ್ಕೆ ಹಾಕಿ, ಗೋಡೆಯ ಕಡೆಗೇ ನೋಡುತ್ತ ಹೇಳಿದರು: "ಅಲ್ಲಿ ನಾ ಕುಂತ ಕುರ್ಚಿ ಮ್ಯಾಲ ಅವ್ವ ಕುಂದ್ರಬೇಕಿತ್ತು."