ಧನಿಗಳ ಸೋಪು, ಧನಿಗಳ ಗಂಟು

ಮೊನ್ನೆ ಅಡುಗೆ ಗ್ಯಾಸಿನ ಸಿಲಿಂಡರ್ ತಂದವನು ರೆಗ್ಯುಲೇಟರ್ ಕೂರಿಸಿದ ಮೇಲೆ ಬಟ್ಟೆ ಒಗೆಯುವ ಸೋಪಿನ ತುಂಡೊಂದನ್ನು ಕೇಳಿದ. ಅದನ್ನು ನೀರಿನಲ್ಲಿ ಉಜ್ಜಿ, ನೊರೆಯನ್ನು ಸಂದಿಗೆ ಹಚ್ಚಿ, ಗುಳ್ಳೆ ಏಳುತ್ತದೆಯೋ ಎಂದು ಬಗ್ಗಿ ನೋಡುತ್ತಿದ್ದ. ಸೋರಿಕೆ ಪತ್ತೆ ಮಾಡಲು ಅವರು ಹಾಗೆ ಮಾಡುತ್ತಾರೆ. ಆ ಹಳದಿ ಸೋಪಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಡುಗೆ ಕಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಇಷ್ಟು ವರ್ಷಗಳಾದರೂ ನನ್ನ ಕೈಗಳಿಗೆ ಅದು ಹೊಗೆಯ ವಾಸನೆಯೇ...

ಸೋಪಿಗೆ ಬೇರೆಯೇ ಒಂದು ಉಪಯೋಗ ಕಂಡುಕೊಂಡಿದ್ದವರು ನನ್ನ ಮನೆ ಧನಿಗಳು. ಅರುವತ್ತರ ದಶಕದ ಕೊನೆ. ನಾನು ಬಿಎಸ್ಸಿ ಮುಗಿಸಿ ಮಂಗಳೂರಿನ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಅವರ ಹಿತ್ತಿಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಧನಿಗಳದ್ದು ಹಂಚಿನ ಕಾರ್ಖಾನೆಗಳಿಗೆ ಕಟ್ಟಿಗೆ ಒದಗಿಸುವ ವ್ಯಾಪಾರ. ಕಾಡಿನ ದಾರಿಯಲ್ಲಿ ಓಡಾಡಲು ಯುದ್ಧಕಾಲದ ಹಳೆಯ ಜೀಪೊಂದನ್ನು ಕೊಂಡು, ಅದರ ಪೆಟ್ರೋಲ್ ಎಂಜಿನ್ ಕೀಳಿಸಿ ಡೀಸೆಲ್ ಎಂಜಿನ್ ಕೂರಿಸಿದ್ದರು. ಕೂರಿಸಿದವನು ಡೀಸೆಲ್ ಬರುವ ತಾಮ್ರದ ಪೈಪನ್ನು ಬಿಸಿ ಸೈಲೆನ್ಸರಿನ ಮೇಲಿಂದಲೇ ಎಳೆದಿದ್ದ. ಅದು ಜೀಪಿನ ಅಲುಗಾಟಕ್ಕೆ ಬಿರುಕು ಬಿಟ್ಟು ತೊಟ್ಟಿಕ್ಕತೊಡಗಿತು.

ಬೇರೆ ಯಾರಾದರೂ ಆಗಿದ್ದರೆ ಪೈಪು ಬದಲಿಸುತ್ತಿದ್ದರು. ಕುದ್ರೋಳಿಯ ಗ್ಯಾರೇಜಿನವರು ಎರಡು ದಿನ ಜೀಪು ಬಿಟ್ಟು ಹೋಗಿ ಎಂದಿದ್ದರಂತೆ. ಆ ಎರಡು ದಿನವೇ ತೊಡಕಾದದ್ದು. ಧನಿಗಳು ಬಸ್ಸಿನಲ್ಲಿ ಹೋಗುವವರಲ್ಲ. ಹಂಪನಕಟ್ಟೆಯಲ್ಲಿ ತಾನು ಸಿಟಿ ಬಸ್ಸಿನಿಂದ ಇಳಿಯುವುದನ್ನು ಯಾರಾದರೂ ಕಂಡರೆ ವ್ಯಾಪಾರವೇ ಮುಳುಗಿತೆಂದು ಊರು ತಿಳಿಯುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರು. ಊರಿಗೆ ಅವರ ಬಗ್ಗೆ ಅಷ್ಟು ಯೋಚಿಸಲು ಪುರುಸೊತ್ತು ಇರಲಿಲ್ಲ. ಅದನ್ನು ಹೇಳುವವರು ಯಾರು?

ಹಾಗಾಗಿ ರಿಪೇರಿ ಅಂಗಳದಲ್ಲೇ ನಡೆಯಿತು. ಧನಿಗಳು ಒಗೆಯುವ ಸೋಪನ್ನು ಅಂಗೈಯಲ್ಲಿ ನಾದಿ ಬಿರುಕಿಗೆ ಮೆತ್ತಿದರು. ಅದರ ಮೇಲೆ ಉಟ್ಟು ಹಳತಾದ ಪಂಚೆಯ, ಅಂದರೆ ಮುಂಡಿನ, ಪಟ್ಟಿಯನ್ನು ಸುತ್ತಿ, ನೂಲಿನಿಂದ ಬಿಗಿದು, ಗಂಟು ಹಾಕಿದರು. ಆ ಗಂಟು ಅವರ ಇನ್ನೊಂದು ಹೆಮ್ಮೆ. ಹಾಕಿದವರ ಹೊರತು ಯಾರಿಗೂ ಬಿಚ್ಚಲು ಬಾರದ ಗಂಟು. ಕಟ್ಟಿಗೆಯ ಹೊರೆಗೂ ಅದೇ, ಜೀಪಿನ ಟರ್ಪಾಲಿಗೂ ಅದೇ, ದನದ ಹಟ್ಟಿಯ ಬಾಗಿಲಿಗೂ ಅದೇ. ಕೊನೆಗೆ ಕೈ ಕೊಡವಿ ತುಳುವಿನಲ್ಲಿ ಒಂದು ಮಾತು ಹೇಳುತ್ತಿದ್ದರು, "ಯಾವು." ಅಂದರೆ ಸಾಕು. ಅವರಿಗೆ ಬೇಗ ಸಾಕಾಗುತ್ತಿತ್ತು, ತಮ್ಮ ಕೆಲಸವಾದರೂ ಸರಿ, ಇನ್ನೊಬ್ಬರ ಮಾತಾದರೂ ಸರಿ. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಏನಾದರೂ ಹೇಳಲು ಬಾಯಿ ತೆರೆದರೂ ಅದೇ ಮಾತು.

ನಾನು ನನಗೆ ತೋರಿದ್ದನ್ನು ಹೇಳಿದೆ. "ಧನಿಗಳೇ, ಸೋಪು ಬಿಸಿಗೆ ಕರಗ್ತದೆ. ಮತ್ತೆ ಬಟ್ಟೆ ಡೀಸೆಲ್ ಕುಡಿದು ಸೈಲೆನ್ಸರಿಗೆ ತಾಗಿದ್ರೆ ಹೊತ್ತಿಕೊಳ್ತದೆ."

ಕಟ್ಟಿಗೆ ಇಳಿಸುತ್ತಿದ್ದವರೆಲ್ಲ ತಿರುಗಿ ನೋಡಿದರು. ಧನಿಗಳಿಗೆ ಅಷ್ಟೇ ಬೇಕಾಗಿತ್ತು. ತೆಂಗಿನ ಗೆರಟೆಯೊಂದರಲ್ಲಿ ಡೀಸೆಲ್ ತರಿಸಿ, ಬೆಂಕಿಕಡ್ಡಿ ಗೀರಿ ಅದರೊಳಗೆ ಹಾಕಿದರು. ಕಡ್ಡಿ ಚುಂಯ್ ಎಂದು ಆರಿತು. ಇನ್ನೊಂದು ಹಾಕಿದರು. ಅದೂ ಆರಿತು.

"ಎಂತ ಬಿಎಸ್ಸಿಯವರೇ, ನಿಮ್ಮ ಕಾಲೇಜಿನಲ್ಲಿ ಡೀಸೆಲ್ ಹೊತ್ತುದುಂಟಾ?"

"ಅದರಲ್ಲಿ ಒಂದು ಬತ್ತಿ ಇಟ್ಟು ಹಚ್ಚಿ ನೋಡಿ ಧನಿಗಳೇ."

"ಬತ್ತಿ ಇಡ್ಲಿಕ್ಕೆ ನನ್ನ ಜೀಪು ಎಂತ ಗುಡಿಯಾ ಮಾರಾಯ?"

ಎಲ್ಲರೂ ನಕ್ಕರು. ಸಂಜೆಯಾದರೆ ಬತ್ತಿಯ ದೀಪವನ್ನೇ ಹಚ್ಚಿ ಕೂರುವ ಜನ ಅವರೆಲ್ಲ. ಎಣ್ಣೆ ತಾನಾಗಿ ಉರಿಯುವುದಿಲ್ಲ, ಬತ್ತಿ ಬೇಕು ಎಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ಆದರೆ ನಗಬೇಕೆಂದು ಧನಿ ಬಯಸಿದಾಗ ನಗಬೇಕಾಗುತ್ತದೆ. ಪೈಪಿಗೆ ತಾವೇ ಒಂದು ಬತ್ತಿ ಹೊಸೆದು ಕಟ್ಟಿದ್ದೇವೆ ಎಂಬುದು ಮಾತ್ರ ಧನಿಗಳ ತಲೆಗೆ ಕೊನೆಯವರೆಗೂ ಹೋಗಲಿಲ್ಲ.

ಮಳೆ ಬಿಡದೆ ಸುರಿಯುವ ಆಟಿ ತಿಂಗಳು. ಗುರುಪುರದಲ್ಲಿ ಅಕ್ಕನ ತಾಯಿ ಕಾಯಿಲೆ ಬಿದ್ದಿದ್ದರು. ರಜೆಯ ದಿನ, ತಾಯಿಯನ್ನು ಎತ್ತಿ ಕೂರಿಸಲು ಒಂದು ಕೈ ಬೇಕು ಎಂದು ಅಕ್ಕ ನನ್ನನ್ನೂ ಕರೆದರು. ಹೋಗುವಾಗ ಏನೂ ಆಗಲಿಲ್ಲ. ಹಿಂತಿರುಗುವಾಗ ತವರಿನವರು ಎರಡು ಮುಡಿ ಅಕ್ಕಿ ಕೊಟ್ಟರು. ಬೈಹುಲ್ಲಿನಿಂದ ಉಂಡೆಯಾಗಿ ಕಟ್ಟಿದ ಮುಡಿ. ಧನಿಗಳು ಅಕ್ಕಿ ಒದ್ದೆಯಾಗಬಾರದೆಂದು ಮುಡಿಗಳನ್ನು ಮುಂದಿನ ಸೀಟಿನಲ್ಲಿ, ತಮ್ಮ ಪಕ್ಕದಲ್ಲಿ ಕೂರಿಸಿದರು. ಹೆಂಡತಿಯನ್ನು ಹಿಂದೆ ಕೂರಿಸಿದರು. ಅಕ್ಕನ ಎದುರು ನಾನು. ಮಳೆ ಒಳಗೆ ಹೊಡೆಯದಂತೆ ಹಿಂದಿನ ಟರ್ಪಾಲನ್ನು ಇಳಿಸಿ ಹೊರಗಿನಿಂದ ಹಗ್ಗ ಎಳೆದು ಕಟ್ಟಿದರು. "ಯಾವು" ಎಂದದ್ದು ಟರ್ಪಾಲಿನ ಆಚೆಯಿಂದ ಕೇಳಿಸಿತು.

ಸೇತುವೆ ದಾಟಿ ವಾಮಂಜೂರಿನ ಏರು ಹತ್ತುತ್ತಿದ್ದೆವು. ಎಂಜಿನ್ ನರಳುತ್ತಿತ್ತು. ಅಕ್ಕ ಸೆರಗನ್ನು ಮೂಗಿಗೆ ತಂದುಕೊಂಡು ಮೆಲ್ಲಗೆ ಕೇಳಿದರು, "ನಿಮಗೆ ಸೋಪಿನ ವಾಸನೆ ಬರ್ತದಾ?"

ಬರುತ್ತಿತ್ತು. ಬಟ್ಟೆ ಬೇಯಿಸುವ ಹಂಡೆಯ ಬಳಿ ಬರುವಂಥ ವಾಸನೆ. ನಾನು ಮುಂದಕ್ಕೆ ಬಗ್ಗಿ ಜೀಪು ನಿಲ್ಲಿಸಿ ಎಂದೆ.

"ಏರಿನಲ್ಲಿ ನಿಲ್ಲಿಸಿದ್ರೆ ತಳ್ಳುವವ ಯಾರು, ನಿಮ್ಮ ಬಿಎಸ್ಸಿಯಾ?"

ಅದರ ನಂತರದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ... ಧನಿಗಳ ಕಾಲಿನ ಹತ್ತಿರದಿಂದ ಮೊದಲು ಬಿಳಿ ಹೊಗೆ, ಆಮೇಲೆ ಕಪ್ಪು. ಅದರ ಹಿಂದೆಯೇ ತೆಳ್ಳಗಿನ ಹಳದಿ ನಾಲಗೆಯೊಂದು ಮೇಲೆದ್ದು ಮುಡಿಯ ಹುಲ್ಲನ್ನು ನೆಕ್ಕಿತು. ಹುಲ್ಲು ಹೊತ್ತಿದ್ದು ನನಗೆ ಕಂಡಿತು. ನಾನು ಧನಿಗಳ ಕಡೆ ತಿರುಗುವಷ್ಟರಲ್ಲಿ ಅವರ ಸೀಟು ಖಾಲಿಯಾಗಿತ್ತು.

ಜೀಪು ಹಿಂದಕ್ಕೆ ಜಾರಿ ರಸ್ತೆಯ ಬದಿಯ ಎತ್ತರದ ಮಣ್ಣಿನ ದರೆಗೆ ಒರಗಿ ನಿಂತಿತು. ಮುಂದೆ ಉರಿಯುವ ಮುಡಿಗಳು, ಹಿಂದೆ ಗಂಟು. ನಾನು ಟರ್ಪಾಲಿಗೆ ಭುಜ ಕೊಟ್ಟು ದೂಡಿದೆ. ಅದು ಮಿಸುಕಲಿಲ್ಲ. ಅಕ್ಕ ಕೆಳಗಿನ ಸಂದಿಯಿಂದ ಬಲಗೈಯನ್ನು ಹೊರಗೆ ತೂರಿಸಿ ಹಗ್ಗಕ್ಕಾಗಿ ತಡಕುತ್ತಿದ್ದರು. ತಲೆಯ ಮೇಲಿನ ಮಾಡಿನ ಟರ್ಪಾಲು ಹೊತ್ತಿಕೊಂಡು ಅದರ ಡಾಂಬರು ಕರಗಿ ಆ ಕೈಯ ಮೇಲೆ ಬೀಳುತ್ತಿತ್ತು. ಅವರು ಕೈ ಒಳಗೆ ಎಳೆದುಕೊಳ್ಳಲಿಲ್ಲ.

ಅದೇ ಸಂದಿಯಿಂದ ನನಗೆ ಧನಿಗಳು ಕಾಣುತ್ತಿದ್ದರು. ರಸ್ತೆಯ ಆಚೆ ಬದಿ, ಗದ್ದೆಯ ಬದುವಾದ ಕಟ್ಟಪುಣಿಯ ಮೇಲೆ, ಮುಂಡನ್ನು ಎತ್ತಿ ಹಿಡಿದು ನಿಂತಿದ್ದರು. ಆ ಗಂಟನ್ನು ಬಿಚ್ಚಬಲ್ಲ ಒಬ್ಬನೇ ಮನುಷ್ಯ ಅಲ್ಲಿ ನಿಂತು, "ಹಿಂದಿಂದ ಬನ್ನಿ, ಹಿಂದಿಂದ" ಎಂದು ನಮಗೆ ದಾರಿ ಹೇಳುತ್ತಿದ್ದ.

ಹಗ್ಗ ಕತ್ತರಿಸಿದ್ದು ದರೆಯ ಮೇಲೆ ಹುಲ್ಲು ಕೊಯ್ಯುತ್ತಿದ್ದ ಒಬ್ಬ ಹೆಂಗಸು. ಮೊದಲು ಅವಳ ಕತ್ತಿ ಕಂಡಿತು, ಆಮೇಲೆ ಬೆಳಕು. "ಬಲೆ ಅಕ್ಕ, ಬಲೆ," ಬನ್ನಿ ಬನ್ನಿ ಎಂದು ತುಳುವಿನಲ್ಲಿ ಕೂಗುತ್ತ ಅಕ್ಕನನ್ನು ಸೊಂಟ ಹಿಡಿದು ಎಳೆದುಕೊಂಡಳು. ನಾನು ಅವರ ಹಿಂದೆ ಕೆಸರಿಗೆ ಬಿದ್ದೆ. ಗದ್ದೆಯಲ್ಲಿದ್ದವರು ಬುಟ್ಟಿಗಳಲ್ಲಿ ಕೆಸರು ತಂದು ಎರಚಿ ಬೆಂಕಿ ಆರಿಸಿದರು. ಧನಿಗಳು ಆಗ ಹತ್ತಿರ ಬಂದರು. ಹೆಂಡತಿಯ ಕೈ ನೋಡುವ ಮೊದಲು ಟರ್ಪಾಲನ್ನು ನೋಡಿದರು. "ಒಳ್ಳೆ ಹಗ್ಗ ಇತ್ತು. ಬಿಚ್ಚಬಹುದಿತ್ತು," ಎಂದರು. ನಾನು ಇದನ್ನು ಕಿವಿಯಾರೆ ಕೇಳಿದ್ದೇನೆ.

ಅಕ್ಕನ ಬಲಗೈಯ ಬೆರಳುಗಳು ವಾಸಿಯಾಗುವಾಗ ಒಂದಕ್ಕೊಂದು ಅಂಟಿ ಮುದುರಿಕೊಂಡವು. ಚಮಚದಲ್ಲಿ ಗಂಜಿ ಊಟ ಮಾಡಲು ಕಲಿತರು. ಆದರೆ ಮೀನಿನ ಮುಳ್ಳನ್ನು ಚಮಚದಲ್ಲಿ ತೆಗೆಯಲಾಗುವುದಿಲ್ಲ. ಎದುರಿಗೆ ಕೂತು ಬಂಗುಡೆಯನ್ನು ಚೀಪುತ್ತಿದ್ದ ಗಂಡನಿಗೆ ಒಂದು ದಿನವಾದರೂ ಮುಳ್ಳು ಬಿಡಿಸಿ ಅಕ್ಕನ ಬಟ್ಟಲಿಗೆ ಹಾಕೋಣ ಎಂದು ಅನಿಸಲಿಲ್ಲ. ಅಕ್ಕ ಮೀನು ಬಿಟ್ಟರು. "ಬೆಂಕಿಯಿಂದ ಉಳಿದದ್ದಕ್ಕೆ ಹರಕೆ ಹೊತ್ತು ಮೀನು ಬಿಟ್ಟಿದ್ದಾಳೆ" ಎಂದು ಧನಿಗಳು ಬಂದವರಿಗೆಲ್ಲ ಹೇಳಿದರು. ಅಕ್ಕನನ್ನು ಉರಿಯುವ ಜೀಪಿನಿಂದ ತಾನು ಎಳೆದು ತಂದ ಕಥೆಯನ್ನೂ ಹೇಳಿದರು. ಒಮ್ಮೆ ನನ್ನ ಎದುರಿಗೇ ಹೇಳಿದರು. ಅಲ್ಲಿ ನೀವು ಕಟ್ಟಪುಣಿಯ ಮೇಲಿದ್ದಿರಲ್ಲ ಎಂದು ನಾನು ಕೇಳಿದ್ದಕ್ಕೆ, ಮುಂದಿನ ತಿಂಗಳೇ ಕೋಣೆ ಖಾಲಿ ಮಾಡಬೇಕಾಯಿತು. ಜೀಪನ್ನು ಮಾತ್ರ ಆಮೇಲೆ ಕುದ್ರೋಳಿಗೆ ಕಳಿಸಿ ಸರಿಯಾಗಿ ರಿಪೇರಿ ಮಾಡಿಸಿದರು. ಸೈಲೆನ್ಸರಿನಿಂದ ದೂರ, ಹೊಸ ಪೈಪು. ಗ್ಯಾರೇಜಿನವರಿಗೆ ಎರಡು ದಿನವೇ ಸಾಕಾಯಿತಂತೆ.

ನನಗೆ ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೆ ಒಂದು ಭಾನುವಾರ ಅಕ್ಕ ಒಬ್ಬರೇ ಬಂದರು. ನನ್ನ ಹೆಂಡತಿ ಏನನ್ನೂ ಕೇಳದೆ ಬಂಗುಡೆಯ ಮುಳ್ಳುಗಳನ್ನೆಲ್ಲ ಬಿಡಿಸಿ, ಬರಿಯ ಮೀನನ್ನು ಅನ್ನದ ಪಕ್ಕ ಇಟ್ಟಳು. ಅಕ್ಕ ಬಹಳ ಹೊತ್ತು ಬಟ್ಟಲನ್ನೇ ನೋಡಿದರು. ಹರಕೆ ನಿಜವೇ ಇತ್ತೇನೋ ಎಂದು ನಾನು ಹೆದರಿದೆ. ಆಮೇಲೆ ತಿನ್ನತೊಡಗಿದರು, ತಲೆ ಎತ್ತದೆ. ಎರಡನೆಯದನ್ನೂ ತಿಂದರು. "ಸಾಕಾ ಅಕ್ಕ?" ಎಂದು ಕೇಳಿದಳು ನನ್ನ ಹೆಂಡತಿ.

"ಇನ್ನೊಂದು ಉಂಟಾ?" ಎಂದರು ಅಕ್ಕ.

ಆಮೇಲೆ ಹಲವು ಭಾನುವಾರ ಬಂದರು. ಧನಿಗಳಿಗೆ ಗೊತ್ತಾಗಲಿಲ್ಲ, ಗೊತ್ತು ಮಾಡಿಕೊಳ್ಳುವವರೂ ಅಲ್ಲ. ಅಕ್ಕ ಅವರಿಗಿಂತ ಬಹಳ ಮೊದಲೇ ಹೋದರು. ಧನಿಗಳು ಹಣ್ಣು ಹಣ್ಣು ಮುದುಕರಾಗಿ, ಆ ಕಥೆಯನ್ನು ಮೊಮ್ಮಕ್ಕಳಿಗೂ ಹೇಳಿ, ಹಾಸಿಗೆಯಲ್ಲಿ ಸುಖವಾಗಿ ಸತ್ತರು. ನಾನು ಅವರನ್ನು ಮಣ್ಣು ಮಾಡುವಲ್ಲಿಗೆ ಹೋಗಲಿಲ್ಲ. ಈಗ ನನ್ನ ಹೆಂಡತಿಯೂ ಇಲ್ಲ... ಆ ಭಾನುವಾರಗಳನ್ನು ಕಂಡವನು ನಾನೊಬ್ಬ ಉಳಿದಿದ್ದೇನೆ.

ಗ್ಯಾಸಿನವನು ನೊರೆಯನ್ನು ಒರೆಸಿ, ಕೈ ಕೊಡವಿ ಎದ್ದು ನಿಂತ. "ಗುಳ್ಳೆ ಇಲ್ಲ ಸರ್. ಯಾವು."

ಇನ್ನೊಮ್ಮೆ ಹಚ್ಚಿ ನೋಡು ಎಂದೆ. ಅವನು ನನ್ನ ಮುಖ ನೋಡಿ, ಸೋಪಿನ ತುಂಡನ್ನು ಮತ್ತೆ ನೀರಿಗೆ ಅದ್ದಿದ.