ಹೆಬ್ಬೆರಳಿಗೊಂದು ಚೌಕ

ತಪ್ಪು ಮಾಡದವನಿಗೆ ಭಯ ಯಾಕೆ ಎಂದು ಕೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೀಗೆ ಕೇಳುವವರು ಯಾರೂ ಠಾಣೆಯ ಬೆಂಚಿನ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತವರಲ್ಲ. ಲಿಂಗರಾಜಪುರದ ಮುಖ್ಯರಸ್ತೆಯಲ್ಲಿ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ. ಇಪ್ಪತ್ತು ವರ್ಷದಿಂದ ಊರವರ ಅರ್ಜಿ ಬರೆದುಕೊಡುತ್ತಿದ್ದೇನೆ. ಈ ಮಾತು ನನ್ನ ಕೌಂಟರಿಗೆ ದಿನಕ್ಕೊಮ್ಮೆಯಾದರೂ ಬರುತ್ತದೆ, ಅದೂ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು.

ಅಂಗಡಿಯ ಹಿಂದಿನ ವಠಾರದಲ್ಲಿ, ಬಾಡಿಗೆ ಕೋಣೆಯೊಂದರಲ್ಲಿ, ಕಲಬುರಗಿ ಕಡೆಯ ಗಂಡ ಹೆಂಡತಿ ಇದ್ದಾರೆ. ಅವನು ಮನೆಗಳಿಗೆ ಬಣ್ಣ ಹೊಡೆಯುತ್ತಾನೆ, ಅವಳು ಮನೆಗೆಲಸ ಮಾಡುತ್ತಾಳೆ. ಒಂದು ಸಂಜೆ ಅವನು ಇಂದಿರಾನಗರದಲ್ಲಿ ಕೆಲಸ ಮುಗಿಸಿ ಹಲಸೂರು ಕೆರೆಯ ಪಕ್ಕ ನಡೆದು ಬರುತ್ತಿದ್ದಾಗ ಇಬ್ಬರು ಪೊಲೀಸರು ತಡೆದರು. ಚೀಲ ಬಿಚ್ಚಿಸಿದರು. ಬ್ರಷ್ಷು, ಎಮರಿ ಪೇಪರು, ಊಟದ ಡಬ್ಬಿ ಬಿಟ್ಟು ಬೇರೇನೂ ಇರಲಿಲ್ಲ. ಆದರೂ ಮೊಬೈಲಿಗೆ ಸಿಕ್ಕಿಸಿದ ಪುಟ್ಟ ಯಂತ್ರದ ಮೇಲೆ ಅವನ ಹೆಬ್ಬೆರಳು ಒತ್ತಿಸಿಕೊಂಡು, ಒಂದು ಫೋಟೊ ತೆಗೆದು, ಹೋಗು ಎಂದರು. ಕೇಸಿಲ್ಲ, ಕಾಗದವಿಲ್ಲ. ಅಲ್ಲಿಂದ ಮುಂದೆ ಸುತ್ತಮುತ್ತ ಎಲ್ಲಿ ಕಳ್ಳತನವಾದರೂ ಠಾಣೆಯಿಂದ ಅವನಿಗೆ ಫೋನು. ಹೋಗಬೇಕು, ಬೆಂಚಿನ ಮೇಲೆ ಕೂರಬೇಕು, ಯಾರೋ ಬಂದು ಮುಖ ನೋಡಿ ಇವನಲ್ಲ ಎಂದ ಮೇಲೆ ವಾಪಸು ಬರಬೇಕು. ಮೂರನೆಯ ಸಲಕ್ಕೆ ಮೇಸ್ತ್ರಿ ನಾಳೆಯಿಂದ ಬರಬೇಡ ಎಂದ.

ಹೆಂಡತಿಗೆ ಬೇಕಾಗಿದ್ದುದು ಒಂದೇ. ಆ ಯಂತ್ರದಿಂದ ತನ್ನ ಗಂಡನ ಗುರುತು ಅಳಿಸಬೇಕು. ನಾನು ಠಾಣೆಗೆ ಅರ್ಜಿ ಟೈಪ್ ಮಾಡಿಕೊಟ್ಟೆ. ಅಳಿಸಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಉತ್ತರ ಬಂತು. ತೆಗೆದುಕೊಳ್ಳಲು ಯಾವ ಕಾನೂನಿನಲ್ಲಿ ಅವಕಾಶವಿತ್ತು ಎಂದು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ.

ಅದೇ ಹೊತ್ತಿಗೆ ಸರ್ಕಾರ ಒಂದು ಮಸೂದೆ ತಂದಿತು. ಅನುಮಾನ ಬಂದರೆ ಸಾಕು, ಯಾರ ಬೆರಳಚ್ಚನ್ನಾದರೂ ರಸ್ತೆಯಲ್ಲೇ ತೆಗೆದುಕೊಳ್ಳಬಹುದು, ಎಷ್ಟು ಕಾಲವಾದರೂ ಇಟ್ಟುಕೊಳ್ಳಬಹುದು. ಮೊದಲು ತಪ್ಪು ಮಾಡುವುದು, ಆಮೇಲೆ ಅದಕ್ಕೊಂದು ಕಾನೂನಿನ ಅಂಗಿ ತೊಡಿಸುವುದು. ಮಸೂದೆ ಶಾಸಕರ ಸಮಿತಿಯ ಮುಂದಿದೆ, ಸಾರ್ವಜನಿಕರು ಆಕ್ಷೇಪಣೆ ಕೊಡಬಹುದು ಎಂದು ನನಗೆ ತಿಳಿಸಿದವರು ಫ್ರೇಜರ್ ಟೌನಿನ ನಿವೃತ್ತ ಮೇಷ್ಟ್ರು. ಮನೆಯಲ್ಲಿ ದಖ್ಖನಿ ಮಾತಾಡುತ್ತ, ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸಿದವರು. ಶಿವಾಜಿನಗರದಲ್ಲಿ ಅಂಗಡಿ ಇಟ್ಟಿರುವ ಅವರ ಅಣ್ಣನ ಮಗನಿಗೂ ಬಣ್ಣದವನಿಗಾದದ್ದೇ ಆಗಿತ್ತು. ಭಾನುವಾರಗಳಲ್ಲಿ ಅಂಗಡಿಯ ಷಟರ್ ಅರ್ಧ ಎಳೆದು ನಾವು ಕೂತೆವು. ಅವರು ಇಂಗ್ಲಿಷಿನ ಮಸೂದೆ ಓದಿ ಕನ್ನಡದಲ್ಲಿ ಹೇಳಿದರು, ನಾನು ಟೈಪ್ ಮಾಡಿದೆ. ಕೇಸಿಲ್ಲದೆ ಬೆರಳಚ್ಚು ತೆಗೆದುಕೊಳ್ಳಬಾರದು, ತೆಗೆದುಕೊಂಡಿದ್ದರೆ ಅಳಿಸಬೇಕು. ನಾವು ಕೇಳಿದ್ದು ಇಷ್ಟೇ.

ಎಂದಿನ ಅಭ್ಯಾಸದಂತೆ ಪ್ರತಿ ಹೆಸರಿನ ಮುಂದೆ ಒಂದು ಚೌಕ ಹಾಕಿದೆ, ಸಹಿ ಬಾರದವರು ಹೆಬ್ಬೆರಳು ಒತ್ತಲಿ ಎಂದು. ಹಾಳೆ ಹಿಡಿದು ಕಮ್ಮನಹಳ್ಳಿಯವರೆಗೂ ತಿರುಗಿದೆ. ಹತ್ತಾರು ಮಂದಿ ಒತ್ತಿದರು. ಕೊನೆಗೆ ಅಂಗಡಿಗೆ ಬಂದು ಬಣ್ಣದವನ ಹೆಂಡತಿಯ ಮುಂದೆ ಹಾಳೆಯನ್ನೂ ಶಾಯಿ ಪ್ಯಾಡನ್ನೂ ಇಟ್ಟೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

“ಒತ್ತಂಗಿಲ್ರಿ ಯಕ್ಕಾ. ಬಟ್ಟ ತಗೋಬ್ಯಾಡ್ರಿ ಅಂತ ಹೇಳ್ಲಿಕ್ಕ ನಾವೇ ಬಟ್ಟ ಕೊಡ್ಬೇಕೇನ್ರಿ?”

ಬಟ್ಟ ಅಂದರೆ ಅವರ ಕಡೆ ಹೆಬ್ಬೆಟ್ಟು. ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟೆಲ್ಲ ಓಡಾಡುತ್ತಿರುವುದು ಯಾರ ಗಂಡನಿಗೋಸ್ಕರ ಎಂದು ಬೈದೇಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಹಾಳೆಯನ್ನೇ ನೋಡುತ್ತಿದ್ದರು. ಆಗ ನನಗೂ ಕಂಡಿತು. ಬೆರಳಚ್ಚು ಬೇಡ ಎಂಬ ಅರ್ಜಿಯ ತುಂಬ ನಾನೇ ಬೆರಳಚ್ಚು ತುಂಬಿಸಿದ್ದೆ, ಹೆಸರು ವಿಳಾಸ ಸಮೇತ ಸರ್ಕಾರದ ಕೈಗೆ ಕೊಡಲು. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಹಾಳೆಗಳನ್ನು ಹರಿದು ಸುಟ್ಟೆ. ಮತ್ತೆ ಮನೆಮನೆ ತಿರುಗಿ, ಅರ್ಜಿ ಓದಿ ಹೇಳಿ, ಸಹಿ ಬಾರದವರ ಹೆಸರನ್ನು ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬರೆದುಕೊಂಡೆವು. ನಾಚಿಕೆಯಿಂದ ಎರಡು ದಿನ ಅವಳ ಮುಖ ನೋಡಲಾಗಲಿಲ್ಲ.

ಸಮಿತಿ ನಮ್ಮನ್ನು ಕರೆಯಿತು. ಮೂವರು ಹೋದೆವು. ಉದ್ದದ ಮೇಜು, ಮೇಲೆ ಗೋಡಂಬಿ ತಟ್ಟೆಗಳು, ಆಚೆ ಕಡೆ ಶಾಸಕರು. ಮೇಷ್ಟ್ರು ಮಸೂದೆಯ ಒಂದೊಂದು ಕಲಮನ್ನೂ ತರಗತಿಯಲ್ಲಿ ಪಾಠ ಮಾಡುವಂತೆ ಬಿಡಿಸಿ ಹೇಳಿದರು. ಅವಳು ಗಂಡನ ಕಥೆ ಹೇಳಿದಳು. ಶಾಸಕರೊಬ್ಬರು ಗೋಡಂಬಿ ಬಾಯಿಗೆ ಹಾಕಿಕೊಂಡು ಅದೇ ಹಳೇ ರಾಗ ತೆಗೆದರು.

“ತಪ್ಪು ಮಾಡಿಲ್ಲ ಅಂದ್ಮೇಲೆ ಭಯ ಯಾಕಮ್ಮ? ಒಂದು ಹೆಬ್ಬೆಟ್ಟು ತಾನೇ?”

ನಾನು ಎದ್ದೇಬಿಟ್ಟೆ. ಬಾಯಿಗೆ ಬಂದದ್ದನ್ನು ಅಂದಿದ್ದರೆ ಮೂವರನ್ನೂ ಹೊರಗೆ ಹಾಕುತ್ತಿದ್ದರು. ಅಷ್ಟರಲ್ಲಿ ಅವಳು ತನ್ನ ಚೀಲದಿಂದ ನನ್ನ ಅಂಗಡಿಯ ಶಾಯಿ ಪ್ಯಾಡು ತೆಗೆದಳು. ಯಾವಾಗ ಎತ್ತಿಟ್ಟುಕೊಂಡಿದ್ದಳೋ ದೇವರೇ ಬಲ್ಲ. ಮುಚ್ಚಳ ತೆಗೆದು, ಒಂದು ಬಿಳಿ ಹಾಳೆಯ ಜೊತೆ ಅದನ್ನು ಅವರ ಮುಂದಕ್ಕೆ ಸರಿಸಿದಳು.

“ನೀವೂ ತಪ್ಪು ಮಾಡಿಲ್ಲಲ್ರಿ ಸಾಹೇಬ್ರ. ಒಂದು ಬಟ್ಟ ಒತ್ರಿ. ನಮ್ಮ ಮನ್ಯಾಗ ಇಟ್ಕೋತೀನಿ.”

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಮೇಜಿನ ಮೇಲಿದ್ದ ಬೇರೆ ಕೈಗಳೂ ಒಂದೊಂದಾಗಿ ಕೆಳಗೆ ಹೋದವು. ಅಧ್ಯಕ್ಷರು ಕೆಮ್ಮಿ, ಪರಿಶೀಲಿಸುತ್ತೇವೆ ಎಂದರು.

ಪರಿಶೀಲಿಸಿದರು ಕೂಡ. ಕಾನೂನು ಪಾಸಾದಾಗ ಅದರಲ್ಲೊಂದು ಹೊಸ ಕಲಮು ಇತ್ತು. ಕೇಸಿಲ್ಲದವರು ಅರ್ಜಿ ಕೊಟ್ಟರೆ ಅವರ ಗುರುತು ಅಳಿಸಬೇಕು. ಮೇಷ್ಟ್ರು ಶಿವಾಜಿನಗರದಿಂದ ಸಮೋಸ ಕಟ್ಟಿಸಿಕೊಂಡು ಬಂದರು. ಗೆದ್ದೆವೆಂದೇ ತಿಳಿದು ತಿಂದೆವು. ಕಾನೂನಿನ ನಿಯಮಗಳು ಬಂದದ್ದು ಆಮೇಲೆ. ಅರ್ಜಿಯ ನಮೂನೆಯನ್ನು ಪ್ರಿಂಟ್ ತೆಗೆದು ನೋಡಿದರೆ ಕೆಳಗೆ ಸಾಲಾಗಿ ಹತ್ತು ಚೌಕ. ಅರ್ಜಿದಾರ ಅವನೇ ಎಂದು ಖಾತ್ರಿಯಾಗಲು ಹತ್ತೂ ಬೆರಳಿನ ಗುರುತು ಬೇಕಂತೆ. ಒಂದನ್ನು ಅಳಿಸಲು ಹತ್ತು ಕೊಡಬೇಕು. ಆ ನಮೂನೆ ಬರೆದವನು ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದರೆ ಅವನಿಗೆ ಅರ್ಜಿ ಬರೆಯುವುದಿಲ್ಲ, ಬಾಯಲ್ಲೇ ಹೇಳುತ್ತೇನೆ.

ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಓದಿ ಹೇಳಿದೆ. ಹಾಳಾಗಿ ಹೋಗಲಿ, ಒತ್ತಿಬಿಡುತ್ತೇನೆ ಎಂದು ಅವನು ಕೈ ಚಾಚಿದ. ಅವನಿಗೆ ಸಾಕುಸಾಕಾಗಿತ್ತು. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು.

“ಆ ಸಾಹೇಬ್ರು ಕೈ ಹಿಂದ ತಗೊಂಡ್ರಲ್ರಿ ಯಕ್ಕಾ,” ಎಂದಳು. “ಇವನೂ ತಗೋತಾನ.”

ಹತ್ತು ಚೌಕವನ್ನೂ ಖಾಲಿ ಬಿಟ್ಟು ಅರ್ಜಿ ಕಳಿಸಿದೆ. ಅಪೂರ್ಣ ಎಂದು ವಾಪಸು ಬಂತು. ಮತ್ತೆ ಕಳಿಸಿದೆ, ಮತ್ತೆ ಬಂತು. ಹೋದ ಸೋಮವಾರ ಠಾಣೆಯಿಂದ ಅವನಿಗೆ ಮತ್ತೆ ಫೋನು. ಈ ಸಲ ನಾನು ಅಂಗಡಿ ಮುಚ್ಚಿ ಅವರಿಬ್ಬರ ಜೊತೆ ಹೋದೆ, ಮೇಷ್ಟ್ರೂ ಬಂದರು. ಅದೇ ಬೆಂಚಿನ ಮೇಲೆ ನಾಲ್ವರೂ ಒತ್ತಿಕೊಂಡು ಕೂತೆವು. ಸ್ವಲ್ಪ ಹೊತ್ತಿಗೆ ಪೇದೆಯೊಬ್ಬ ಬಂದು, ನಿಮ್ಮನ್ನು ಯಾರೂ ಕರೆದಿಲ್ಲವಲ್ಲ, ಇಲ್ಲಿ ಯಾಕೆ ಕೂತಿದ್ದೀರಿ ಎಂದು ನನ್ನನ್ನು ಕೇಳಿದ.

“ತಪ್ಪು ಮಾಡಿಲ್ಲ,” ಎಂದೆ. “ಅದಕ್ಕೇ ಕೂತಿದ್ದೀನಿ.”